ಯೂನಿಯನ್‌ಗೆ ಬರುವ ಹೊರದೇಶದ ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಮಿಕ ಸಂಘಗಳ ಸಭೆ, ಟ್ರೈನಿಂಗ್ ಅಂತ ಹಲವು ವರ್ಷಗಳಿಂದ ಓಡಾಡುತ್ತಿದ್ದೇನೆ. ಊಟದ ಹೊತ್ತಿಗೆ ಯಾರಾದರೊಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ: "ಮೇಡಂ, ಇದಕ್ಕೆಲ್ಲ ದುಡ್ಡು ಯಾರು ಕೊಡ್ತಾರೆ?" ಮೆಲ್ಲಗೆ ಕೇಳಬೇಕಾಗಿಲ್ಲ, ಜೋರಾಗಿಯೇ ಕೇಳಬಹುದು. ಹಾಗೆ ಕೇಳಿದ ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಉತ್ತರ ಇಲ್ಲಿದೆ.

ಯೂನಿಯನ್ ಅಂದ್ರೆ ಸಂಬಳ, ಬೋನಸ್ ಕೇಳೋದು. ಬೇರೆ ದೇಶದ ಅಭಿವೃದ್ಧಿ ಇವರಿಗೆ ಯಾಕೆ?

ನೀವು ಹಾಕಿಕೊಂಡಿರುವ ಅಂಗಿಯನ್ನೇ ನೋಡಿ. ಹೊಲಿದದ್ದು ಬೆಂಗಳೂರಿನಲ್ಲೋ ಢಾಕಾದಲ್ಲೋ ಇರಬಹುದು. ಅದಕ್ಕೆ ಇಷ್ಟೇ ಕೊಡುತ್ತೇವೆ ಅಂತ ಬೆಲೆ ಕಟ್ಟಿದವರು ಯುರೋಪಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಬೆಲೆ ಇಳಿದರೆ ಟಾರ್ಗೆಟ್ ಏರುತ್ತದೆ. ಗಂಟೆಗೆ ಇಷ್ಟು ಪೀಸ್ ಅಂತ ಸೂಪರ್‌ವೈಸರ್ ತಲೆ ಮೇಲೆ ಬಂದು ನಿಲ್ಲುತ್ತಾನೆ. ಇಲ್ಲಿನ ಸಂಘ ಒಂದೇ ಕೂಗಿದರೆ ಆ ಬೆಲೆ ಕಟ್ಟುವವರಿಗೆ ಕೇಳಿಸುವುದಿಲ್ಲ. ಅಲ್ಲಿನ ಸಂಘವೂ ದನಿಗೂಡಿಸಿದರೆ ಕೇಳಿಸುತ್ತದೆ.

ಇನ್ನೊಂದು ಮಾತೂ ಇದೆ. ಬಡ ದೇಶಗಳಿಗೆ ನೆರವು ಅಂದರೆ ಶಾಲೆ, ಬೋರ್‌ವೆಲ್, ಆಸ್ಪತ್ರೆ ಅಂತಲೇ ನಮಗೆ ಅಭ್ಯಾಸ. ಅವೆಲ್ಲ ಬೇಕು. ಆದರೆ ದಿನವಿಡೀ ದುಡಿದವಳ ಕೈಗೆ ಹೊಟ್ಟೆ ತುಂಬುವಷ್ಟು ಕೂಲಿ ಬರದಿದ್ದರೆ ಬಡತನ ಮನೆ ಬಿಟ್ಟು ಹೋಗುವುದಿಲ್ಲ, ಅಲ್ವಾ? 2015ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ 17 ಗುರಿಗಳಲ್ಲಿ ಎಂಟನೆಯದು ಗೌರವದ ದುಡಿಮೆಯ ಬಗ್ಗೆಯೇ ಇದೆ. ಯೂನಿಯನ್‌ಗಳು ಅಭಿವೃದ್ಧಿ ಕೆಲಸಕ್ಕೆ ಕಾಲಿಟ್ಟಿದ್ದು ಅದಕ್ಕಿಂತ ಎಷ್ಟೋ ಮುಂಚೆ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಕಪ್ಪು ಕಾರ್ಮಿಕರ ಸಂಘಗಳಿಗೆ ನೆದರ್‌ಲ್ಯಾಂಡ್ಸ್, ಸ್ವೀಡನ್, ನಾರ್ವೆಗಳ ಯೂನಿಯನ್‌ಗಳು ನೆರವಾಗಿದ್ದವು. ವರ್ಣಭೇದದ ವಿರುದ್ಧದ ಹೋರಾಟದಲ್ಲಿ ಆ ಸಂಘಗಳ ಪಾಲು ಸಣ್ಣದಲ್ಲ.

ದುಡ್ಡು ಎಲ್ಲಿಂದ ಬರುತ್ತೆ?

ಮುಖ್ಯವಾಗಿ ಮೂರು ಕಡೆಯಿಂದ.

ಒಂದು, ಅಲ್ಲಿನ ಸದಸ್ಯರ ಚಂದಾ. ಎರಡು, ಮಾಲೀಕರ ಜೊತೆಗಿನ ಒಪ್ಪಂದ. ಈ ಎರಡನೆಯದು ನನಗೆ ತುಂಬಾ ಇಷ್ಟ. ಕೆನಡಾದ ಉಕ್ಕು ಕಾರ್ಮಿಕರು 1985ರಲ್ಲಿ, ಇಥಿಯೋಪಿಯದ ಬರಗಾಲದ ಹೊತ್ತಿನಲ್ಲಿ, ಒಂದು ನಿಧಿ ಶುರು ಮಾಡಿದರು. ವೇತನ ಒಪ್ಪಂದದ ಮಾತುಕತೆಗೆ ಕೂತಾಗಲೇ ಈ ನಿಧಿಯ ಮಾತನ್ನೂ ಸೇರಿಸುತ್ತಾರೆ. ದುಡಿದ ಒಂದೊಂದು ಗಂಟೆಗೆ ಒಂದು ಸೆಂಟ್, ಅಂದರೆ ಡಾಲರಿನ ನೂರರಲ್ಲಿ ಒಂದು ಪಾಲು. ನಮ್ಮ ಲೆಕ್ಕದಲ್ಲಿ ಒಂದು ರೂಪಾಯಿಯೂ ಆಗುವುದಿಲ್ಲ. ಆದರೆ ಸಾವಿರಾರು ಜನ, ವರ್ಷವಿಡೀ, ಗಂಟೆಗೊಂದು ಸೆಂಟ್. ಹನಿ ಹನಿ ಗೂಡಿದರೆ ಹಳ್ಳ ಅಂತಾರಲ್ಲ, ಅದೇ. ನೆದರ್‌ಲ್ಯಾಂಡ್ಸ್‌ನಲ್ಲೂ ಕೆಲವು ಕ್ಷೇತ್ರಗಳ ವೇತನ ಒಪ್ಪಂದದಲ್ಲಿ ಇಂಥ ಒಂದು ಸಾಲು ಇರುತ್ತದೆ.

ಮೂರನೆಯದು ಸರ್ಕಾರದ ವಿದೇಶಿ ನೆರವಿನ ಹಣ. ಮೊತ್ತ ನೋಡಿದರೆ ಅನೇಕ ದೇಶಗಳಲ್ಲಿ ಇದೇ ಜಾಸ್ತಿ. ಡಚ್ ಸಂಘ ಎಫ್‌ಎನ್‌ವಿಯ ಅಂತಾರಾಷ್ಟ್ರೀಯ ವಿಭಾಗ ಮೊಂಡಿಯಾಲ್‌ಗೆ ಅಲ್ಲಿನ ವಿದೇಶಾಂಗ ಇಲಾಖೆ ಹಣ ಕೊಡುತ್ತಾ ಬಂದಿದೆ. ಫಿನ್‌ಲ್ಯಾಂಡಿನ ಯೂನಿಯನ್‌ಗಳು ಸೇರಿ 1986ರಲ್ಲಿ ಸಾಸ್ಕ್ ಅನ್ನುವ ಸಂಸ್ಥೆ ಕಟ್ಟಿದರು. ಸ್ವೀಡನ್ನಿನಲ್ಲಿ ಯೂನಿಯನ್ ಟು ಯೂನಿಯನ್ ಇದೆ, ಡೆನ್ಮಾರ್ಕ್, ನಾರ್ವೆಯಲ್ಲೂ ಇಂಥವು ಇವೆ. ಅಮೆರಿಕದಲ್ಲಿ ಎಎಫ್‌ಎಲ್-ಸಿಐಒ ಎಂಬ ಯೂನಿಯನ್ ಒಕ್ಕೂಟದ ಸಾಲಿಡಾರಿಟಿ ಸೆಂಟರ್ ಇದೆ.

ಸರ್ಕಾರ ಯೂನಿಯನ್‌ಗೆ ಯಾಕೆ ದುಡ್ಡು ಕೊಡುತ್ತೆ? ಏನೋ ಲಾಭ ಇರಬೇಕಲ್ಲ?

ಇದ್ದೇ ಇದೆ. ತಮ್ಮ ದೇಶದ ಕಂಪನಿಗಳು ಮಾಲು ತರಿಸುವ ಜಾಗದಲ್ಲಿ ಬೆಂಕಿ ಬೀಳಬಾರದು, ಮಕ್ಕಳನ್ನು ದುಡಿಸಬಾರದು ಅನ್ನುವುದು ಒಂದು. ಹೊರಗೆ ಕೂಲಿ ತೀರಾ ಅಗ್ಗವಾದರೆ ತಮ್ಮ ದೇಶದ ಕೆಲಸ ಹೋಗುತ್ತದೆ ಅನ್ನುವ ಲೆಕ್ಕ ಇನ್ನೊಂದು. ಲೆಕ್ಕಾಚಾರ ಇದೆ ಅಂದಮಾತ್ರಕ್ಕೆ ಆಗುವ ಕೆಲಸ ಕೆಟ್ಟದು ಅಂತಲ್ಲ. ಆದರೆ ಈ ಲೆಕ್ಕಾಚಾರ ಹಿಂದೆ ಕೆಟ್ಟ ದಾರಿ ಹಿಡಿದದ್ದೂ ಇದೆ. ಮುಂದಿನ ಪ್ರಶ್ನೆ ಅದೇ.

ಇದೆಲ್ಲ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ದುಡ್ಡು ಅಂತಾರೆ. ನಿಜಾನಾ?

ಒಂದು ಕಾಲದಲ್ಲಿ, ಕೆಲವು ಕಡೆ, ನಿಜವಾಗಿತ್ತು. ಇದನ್ನು ಮುಚ್ಚಿಡುವುದು ಸರಿಯಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1945ರಲ್ಲಿ, ಜಗತ್ತಿನ ಯೂನಿಯನ್‌ಗಳು ಒಂದೇ ಒಕ್ಕೂಟ ಕಟ್ಟಿದ್ದವು. 1949ಕ್ಕೆ ಅದು ಒಡೆಯಿತು. ಸೋವಿಯತ್ ಕಡೆಯವರು ಒಂದು ಬಣ, ಅಮೆರಿಕ ಮತ್ತು ಪಶ್ಚಿಮ ಯುರೋಪಿನ ಕಡೆಯವರು ಇನ್ನೊಂದು. ನಮ್ಮ ದೇಶದ ಯೂನಿಯನ್ ಒಕ್ಕೂಟಗಳಲ್ಲೂ ಹಾಗೆಯೇ ಆಯಿತು. ಎಐಟಿಯುಸಿ ಮೊದಲ ಒಕ್ಕೂಟದಲ್ಲೇ ಉಳಿಯಿತು, ಐಎನ್‌ಟಿಯುಸಿ ಮತ್ತು ಎಚ್‌ಎಂಎಸ್ ಎರಡನೆಯ ಕಡೆ ಹೋದವು. ಆ ಎರಡನೇ ಬಣ 1952ರಲ್ಲಿ ಏಷ್ಯಾದ ಯೂನಿಯನ್ ಮುಖಂಡರಿಗಾಗಿ ಕಲ್ಕತ್ತಾದಲ್ಲಿ ಒಂದು ಕಾಲೇಜನ್ನೇ ತೆರೆಯಿತು. ಕಲಿಸುವುದು ಒಳ್ಳೆಯದೇ. ಆದರೆ ಎರಡೂ ಕಡೆಯವರಿಗೆ ಕಾರ್ಮಿಕರ ಕಷ್ಟದ ಜೊತೆಗೆ ತಮ್ಮ ಬಣದ ಚಿಂತೆಯೂ ಇತ್ತು.

ದಕ್ಷಿಣ ಅಮೆರಿಕದಲ್ಲಿ ಆಗ ಬ್ರಿಟಿಷರ ಕೈಯಲ್ಲಿದ್ದ ಬ್ರಿಟಿಷ್ ಗಯಾನಾದ ಕಥೆ ಕೇಳಿದರೆ ಗೊತ್ತಾಗುತ್ತದೆ. ಅಲ್ಲಿ ಭಾರತದಿಂದ ಕಬ್ಬಿನ ತೋಟಕ್ಕೆ ಹೋದ ಕೂಲಿಗಳ ಮನೆತನದ ಚೆಡ್ಡಿ ಜಗನ್ ಚುನಾವಣೆ ಗೆದ್ದು ಸರ್ಕಾರ ನಡೆಸುತ್ತಿದ್ದರು. ಎಡಪಂಥದವರು. 1963ರಲ್ಲಿ ಅವರ ಸರ್ಕಾರದ ವಿರುದ್ಧ 80 ದಿನ ಸಾರ್ವತ್ರಿಕ ಮುಷ್ಕರ ನಡೆಯಿತು. ಆ ಮುಷ್ಕರ ಅಷ್ಟು ದಿನ ನಡೆಯಲು ಸಿಐಎ ಹಣ ಯೂನಿಯನ್‌ಗಳ ದಾರಿಯಲ್ಲಿ ಹರಿದು ಬಂದಿತ್ತು. ಮುಷ್ಕರ ಕಾರ್ಮಿಕರ ಆಯುಧ. ಅದನ್ನು ಇನ್ಯಾರೋ ಬಾಡಿಗೆಗೆ ಕೊಂಡರು ಅನ್ನುವುದನ್ನು ಓದಿದಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಮೆರಿಕ-ಸೋವಿಯತ್ ಬಣಗಳ ಈ ಶೀತಲ ಸಮರ ಮುಗಿದ ಮೇಲೆ ಎಎಫ್‌ಎಲ್-ಸಿಐಒ ಲ್ಯಾಟಿನ್ ಅಮೆರಿಕ, ಆಫ್ರಿಕಾ, ಏಷ್ಯಾಕ್ಕೆಂದು ಇಟ್ಟುಕೊಂಡಿದ್ದ ಹಳೆಯ ಸಂಸ್ಥೆಗಳನ್ನೆಲ್ಲ ಮುಚ್ಚಿ 1997ರಲ್ಲಿ ಸಾಲಿಡಾರಿಟಿ ಸೆಂಟರ್ ಕಟ್ಟಿತು. ಅದಕ್ಕೂ ಸರ್ಕಾರದ ದುಡ್ಡೇ ಹೆಚ್ಚು. ಆದರೆ ಕೆಲಸದ ರೀತಿ ಬೇರೆಯಾಯಿತು: ಗಾರ್ಮೆಂಟ್ ಮಹಿಳೆಯರು, ಮನೆಗೆಲಸದವರು, ವಲಸೆ ಕಾರ್ಮಿಕರ ಜೊತೆ ಕಾನೂನು ನೆರವು, ತರಬೇತಿ. ಹಾಗಂತ "ಯಾರ ದುಡ್ಡು?" ಅಂತ ಕೇಳುವುದನ್ನು ಯಾರೂ ಬಿಡಬೇಕಾಗಿಲ್ಲ.

ಈ ದುಡ್ಡಿನಿಂದ ನಿಜವಾಗಿ ಏನಾದರೂ ಆಗಿದೆಯಾ?

ಆಗಿದೆ. ನನಗೆ ಥಟ್ಟನೆ ನೆನಪಾಗುವುದು ಅಲಂಗ್.

ಗುಜರಾತಿನ ಭಾವನಗರ ಜಿಲ್ಲೆಯ ಕಡಲತೀರ. ಜಗತ್ತಿನ ಹಳೇ ಹಡಗುಗಳು ಕೊನೆಗೆ ಬಂದು ಬೀಳುವುದು ಇಲ್ಲಿ. ಕಡಲಿನ ಉಬ್ಬರದ ಹೊತ್ತಿನಲ್ಲಿ ಹಡಗನ್ನು ಮರಳಿಗೆ ನುಗ್ಗಿಸುತ್ತಾರೆ. ಆಮೇಲೆ ಗ್ಯಾಸ್ ಕಟರ್ ಹಿಡಿದು ತುಂಡು ತುಂಡು ಮಾಡುತ್ತಾರೆ. ಕೆಲಸಕ್ಕೆ ಬರುವವರು ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್, ಒಡಿಶಾದ ಹುಡುಗರು. ಮೇಲಿಂದ ಕಬ್ಬಿಣದ ಹಲಗೆ ಬೀಳುತ್ತದೆ, ಒಳಗೆ ಉಳಿದ ಗ್ಯಾಸ್ ಹತ್ತಿಕೊಳ್ಳುತ್ತದೆ, ಕಲ್ನಾರಿನ ಧೂಳು ಎದೆಗೆ ಹೋಗುತ್ತದೆ.

2000ರ ದಶಕದ ಮೊದಲ ವರ್ಷಗಳಲ್ಲಿ ಮುಂಬೈ ಬಂದರಿನ ಒಂದು ಹಳೆಯ ಯೂನಿಯನ್ ಈ ಕೆಲಸಗಾರರನ್ನು ಸಂಘಟಿಸಲು ಹೊರಟಿತು. ನೆರವಾಗಿದ್ದು ಲೋಹ ಕಾರ್ಮಿಕರ ಅಂತಾರಾಷ್ಟ್ರೀಯ ಒಕ್ಕೂಟ ಮತ್ತು ಡಚ್ ಎಫ್‌ಎನ್‌ವಿ. ಮೊದಲ ದಿನವೇ ಬಾವುಟ ಹಿಡಿದು ಗೇಟ್ ಮುಂದೆ ಕೂರಲಿಲ್ಲ. ಕುಡಿಯುವ ನೀರು ಕೊಟ್ಟರು. ಪ್ರಥಮ ಚಿಕಿತ್ಸೆ ಕಲಿಸಿದರು. ಹಡಗಿನ ಕಬ್ಬಿಣ ಕೊಯ್ಯುವವನಿಗೆ ಗಾಯಕ್ಕೆ ಪಟ್ಟಿ ಕಟ್ಟುವುದು ಗೊತ್ತಿದ್ದರೆ ಪಕ್ಕದವನ ಜೀವ ಉಳಿಯುತ್ತದೆ, ಅಷ್ಟು ಸರಳ. ನಂಬಿಕೆ ಹುಟ್ಟಿದ ಮೇಲೆ ಚಂದಾ, ಗುರುತಿನ ಚೀಟಿ, ಆಮೇಲೆ ಅಲಂಗ್‌ನಲ್ಲೇ ಸ್ವಂತ ಸಂಘ. ಹಡಗು ಒಡೆಯುವ ಕೆಲಸಕ್ಕೆ ಸುರಕ್ಷತಾ ನಿಯಮ ತರುವ ಹಾಂಗ್‌ಕಾಂಗ್ ಒಪ್ಪಂದ 2009ರಲ್ಲಿ ಆಯಿತು, 2019ರಲ್ಲಿ ಭಾರತ ಸೇರಿತು, 2025ರ ಜೂನ್ 26ರಂದು ಜಾರಿಗೆ ಬಂತು. ಇಷ್ಟು ವರ್ಷ ಆ ಮಾತನ್ನು ಬಿಡದೆ ಎತ್ತಿದವರಲ್ಲಿ ಯೂನಿಯನ್‌ಗಳೂ ಇದ್ದವು. ಅಲಂಗ್ ಈಗ ಸ್ವರ್ಗವಾಗಿಲ್ಲ. ಆದರೆ ಅಲ್ಲಿ ಸತ್ತವನ ಹೆಸರು ಕೇಳುವವರು ಇದ್ದಾರೆ.

ಬಾಂಗ್ಲಾದೇಶದ ಕಟ್ಟಡ ಕುಸಿತದ ನಂತರ ಏನಾಯಿತು?

2013ರ ಏಪ್ರಿಲ್ 24. ಢಾಕಾ ಹತ್ತಿರದ ಸವಾರ್‌ನಲ್ಲಿ ರಾಣಾ ಪ್ಲಾಜಾ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಕೆಲಸಕ್ಕೆ ಕರೆದರು.

ಮುಂದಿನ ತಿಂಗಳೇ ಇಂಡಸ್ಟ್ರಿಆಲ್ ಮತ್ತು ಯುಎನ್‌ಐ ಎಂಬ ಎರಡು ಜಾಗತಿಕ ಯೂನಿಯನ್ ಒಕ್ಕೂಟಗಳು ದೊಡ್ಡ ಬ್ರ್ಯಾಂಡ್‌ಗಳ ಜೊತೆ ಅಕಾರ್ಡ್ ಅನ್ನುವ ಒಪ್ಪಂದ ಮಾಡಿಕೊಂಡವು. ಇಲ್ಲಿ ದುಡ್ಡಿನ ದಾರಿಯೇ ಬೇರೆ. ತಪಾಸಣೆಯ ಖರ್ಚನ್ನು ಬ್ರ್ಯಾಂಡ್‌ಗಳೇ ಹೊರಬೇಕು. ಸುಮಾರು 1,600 ಫ್ಯಾಕ್ಟರಿಗಳಿಗೆ ಎಂಜಿನಿಯರ್‌ಗಳು ಹೋದರು. ತಂತಿ ಸರಿಯಿಲ್ಲ, ಬಾಗಿಲಿಗೆ ಬೀಗ ಹಾಕಿದ್ದಾರೆ, ಕಂಬ ಭಾರ ತಡೆಯುವುದಿಲ್ಲ ಅಂತ ಬರೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರು. ಮಾತು ತಪ್ಪಿದ ಬ್ರ್ಯಾಂಡನ್ನು ಪಂಚಾಯ್ತಿಗೆ ಎಳೆಯುವ ಹಕ್ಕು ಯೂನಿಯನ್‌ಗಿತ್ತು. ಹೇಗ್‌ನಲ್ಲಿ ಕೇಸ್ ಹಾಕಿದ್ದೂ ಆಯಿತು, ಬ್ರ್ಯಾಂಡ್‌ಗಳು ದುಡ್ಡು ಕಟ್ಟಿ ರಾಜಿಯಾಗಿದ್ದೂ ಆಯಿತು. ಇದೇ ಮಾದರಿ 2023ರಲ್ಲಿ ಪಾಕಿಸ್ತಾನಕ್ಕೂ ಹೋಯಿತು. ನಮ್ಮಲ್ಲಿಗೆ ಬಂದಿಲ್ಲ. ಬರಬೇಕು ಅನ್ನುವವಳು ನಾನು.

ಕರ್ನಾಟಕದಲ್ಲಿ ಇದರಿಂದ ಏನಾದರೂ ಪ್ರಯೋಜನ?

ಶ್ರೀರಂಗಪಟ್ಟಣದ್ದು ಹೇಳುತ್ತೇನೆ. 2020ರ ಜೂನ್‌ನಲ್ಲಿ, ಲಾಕ್‌ಡೌನ್ ಸಡಿಲವಾಗುವ ಹೊತ್ತಿಗೆ, ಅಲ್ಲಿನ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಸುಮಾರು 1,200 ಜನರಿಗೆ ಲೇಆಫ್ ಅಂದರು. ಅದು ಯೂನಿಯನ್ ಬಲವಾಗಿದ್ದ ಫ್ಯಾಕ್ಟರಿ. ಹೆಂಗಸರು ವಾರಗಟ್ಟಲೆ ಫ್ಯಾಕ್ಟರಿ ಆವರಣದಲ್ಲೇ ಕೂತರು. ಅಲ್ಲಿ ಮಾಲು ತಗೊಳ್ಳುತ್ತಿದ್ದ ಯುರೋಪಿನ ಬ್ರ್ಯಾಂಡ್ ಇಂಡಸ್ಟ್ರಿಆಲ್ ಜೊತೆ ಒಂದು ಜಾಗತಿಕ ಒಪ್ಪಂದಕ್ಕೆ ಮೊದಲೇ ಸಹಿ ಹಾಕಿತ್ತು. ಆ ಕಾಗದ ಹಿಡಿದು ಅಲ್ಲಿಂದಲೂ ಒತ್ತಡ ಬಂತು. ಕೊನೆಗೆ 2021ರಲ್ಲಿ ಕಂಪನಿ ಯೂನಿಯನ್‌ಗೆ ಮಾನ್ಯತೆ ಕೊಟ್ಟು ರಾಜಿಗೆ ಬಂತು. ಇದರಲ್ಲಿ ಗೆಲುವು ತಂದಿದ್ದು ಎರಡು: ಕೆಳಗೆ ಕೂತ ಹೆಂಗಸರು, ಮೇಲೆ ಇದ್ದ ಒಪ್ಪಂದ. ಒಂದಿಲ್ಲದೆ ಇನ್ನೊಂದು ಕೆಲಸ ಮಾಡುತ್ತಿರಲಿಲ್ಲ.

ಹೊರಗಿನ ದುಡ್ಡೇ ಇಲ್ಲದೆ ಆದದ್ದನ್ನೂ ಹೇಳಬೇಕು. 2016ರ ಏಪ್ರಿಲ್ 18, 19. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅನ್ನುವ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ ಹೆಂಗಸರು ಬೀದಿಗೆ ಬಂದರು. ಹೊಸೂರು ರಸ್ತೆ, ಮೈಸೂರು ರಸ್ತೆ ನಿಂತುಹೋಯಿತು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ, ಯಾವ ಪ್ರಾಜೆಕ್ಟೂ ಇರಲಿಲ್ಲ. ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು.

ನಮ್ಮ ಕಾನೂನು ಇದಕ್ಕೆ ಒಪ್ಪುತ್ತಾ?

ಸುಲಭವಾಗಿ ಒಪ್ಪುವುದಿಲ್ಲ. ಹೊರದೇಶದ ದೇಣಿಗೆಗೆ ಎಫ್‌ಸಿಆರ್‌ಎ ಕಾಯ್ದೆ ಇದೆ, 2010ರದ್ದು. ನೋಂದಣಿ ಇಲ್ಲದೆ, ಅಥವಾ ಮೊದಲೇ ಅನುಮತಿ ಪಡೆಯದೆ ಒಂದು ಪೈಸೆಯನ್ನೂ ತಗೊಳ್ಳುವಂತಿಲ್ಲ. ನೋಂದಣಿ ಐದು ವರ್ಷಕ್ಕೆ ಮಾತ್ರ. ರಾಜಕೀಯ ಪಕ್ಷಗಳು ಪೂರ್ತಿ ಹೊರಗೆ. ರಾಜಕೀಯ ಗುರಿ ಇರುವ ಕಾರ್ಮಿಕ ಸಂಘವನ್ನು ಕೂಡ "ರಾಜಕೀಯ ಸ್ವರೂಪದ ಸಂಸ್ಥೆ" ಅಂತ ಸರ್ಕಾರ ಘೋಷಿಸಬಹುದು.

ಬಂದ್, ಧರಣಿ ಮಾಡಿದರೂ ಹೊರದೇಶದ ಹಣ ನಿಲ್ಲುತ್ತದಾ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಪಕ್ಷ ರಾಜಕೀಯ ಮಾಡದೆ, ಜನರ ಹಕ್ಕಿಗಾಗಿ ಧರಣಿಗೆ ಬೆಂಬಲ ಕೊಟ್ಟ ಮಾತ್ರಕ್ಕೆ ದೇಣಿಗೆ ನಿಲ್ಲಿಸುವಂತಿಲ್ಲ ಅಂತ 2020ರ ಮಾರ್ಚ್‌ನಲ್ಲಿ ಕೋರ್ಟ್ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು ಬೇರೆ ಬಾಗಿಲುಗಳು ಮುಚ್ಚಿದವು. ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಹಣ ಮೊದಲು ಬರಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ. ದಾಟಿಸುವಂತಿಲ್ಲ ಅನ್ನುವ ನಿಯಮದ ಪೆಟ್ಟು ಬಿದ್ದದ್ದು ಸಣ್ಣ ಸಣ್ಣ ಗುಂಪುಗಳಿಗೆ.

ಹೊರದೇಶದ ದುಡ್ಡಿನ ಪ್ರಾಜೆಕ್ಟ್ ಬಂದರೆ ನಮ್ಮ ಸದಸ್ಯರಿಗೆ ದುಡ್ಡು ಸಿಗುತ್ತಾ?

ಇಲ್ಲ. ತರಬೇತಿ, ವಕೀಲರ ಫೀಸು, ಕರಪತ್ರ, ಫೀಲ್ಡ್ ಕೆಲಸಗಾರರ ಸಂಬಳ, ಹೋಗಿ ಬರುವ ಖರ್ಚು. ಅಷ್ಟೇ.

ಹೊರಗಿನ ದುಡ್ಡು ಬಂದರೆ ಯೂನಿಯನ್ ಹಾಳಾಗುತ್ತೆ ಅಂತಾರಲ್ಲ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಇದು ನಾನೇ ಕಂಡದ್ದು.

ಹಿಂದೆ ಒಂದು ಮೂರು ವರ್ಷದ ಪ್ರಾಜೆಕ್ಟ್‌ನಲ್ಲಿ ನಾನೂ ಇದ್ದೆ. ಒಳ್ಳೆಯ ಆಫೀಸು, ಎರಡು ಕಂಪ್ಯೂಟರ್, ಓಡಾಡಲು ನಾಲ್ಕು ಜನ. ಪ್ರತಿ ತಿಂಗಳೂ ಟ್ರೈನಿಂಗ್. ಊಟ ಚೆನ್ನಾಗಿರುತ್ತಿತ್ತು, ಬಸ್ ಚಾರ್ಜ್ ಕೊಡುತ್ತಿದ್ದೆವು. ಹಾಜರಿ ಪಟ್ಟಿಗೆ ಸಹಿ, ಗ್ರೂಪ್ ಫೋಟೊ, ವರದಿ. ಚಂದಾ ಕೇಳಲು ನಮಗೆ ಸಂಕೋಚ. ಬಡವರು ಪಾಪ, ದುಡ್ಡಂತೂ ಬರುತ್ತಿದೆಯಲ್ಲ, ಆಮೇಲೆ ಕೇಳಿದರಾಯಿತು ಅಂದುಕೊಂಡೆವು. ಮೂರು ವರ್ಷ ಮುಗಿಯಿತು. ಬಾಡಿಗೆ ಕಟ್ಟಲಾಗದೆ ಆಫೀಸ್ ಖಾಲಿ ಮಾಡಿದೆವು. ಮುಂದಿನ ತಿಂಗಳು ಸಭೆ ಕರೆದರೆ ಏಳು ಜನ ಬಂದರು. ಆ ಏಳು ಜನರ ಮುಖ ನನಗೆ ಇನ್ನೂ ನೆನಪಿದೆ. ತಪ್ಪು ದುಡ್ಡು ಕೊಟ್ಟವರದ್ದಲ್ಲ. ಸಂಘ ಕಟ್ಟಬೇಕಾದ ಕಡೆ ನಾವು ಕಾರ್ಯಕ್ರಮ ನಡೆಸಿದೆವು.

ಆಮೇಲೆ ಇನ್ನೊಂದು ಸಂಘದ ರೂಮಿಗೆ ಭಾನುವಾರ ಹೋಗುವುದು ರೂಢಿಯಾಯಿತು. ಮಹಡಿ ಮೇಲಿನ ಸಣ್ಣ ರೂಮು. ಗೋಣಿಚೀಲ, ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಯಾನು. ಖಜಾಂಚಿ ಅಕ್ಕ ಟೈಲರ್. ಚಂದಾ ದುಡ್ಡನ್ನು ಸ್ಟೀಲ್ ಟಿಫನ್ ಬಾಕ್ಸ್‌ನಲ್ಲಿ ಇಡುತ್ತಿದ್ದರು. ರಸೀದಿ ಪುಸ್ತಕದ ಹಾಳೆಗಳ ನಡುವೆ ನೀಲಿ ಕಾರ್ಬನ್ ಸರಿಯಾಗಿ ಇಟ್ಟು, ಅಂಗೈಯಿಂದ ಒತ್ತಿ, ಆಮೇಲೆ ಬರೆಯುವುದು. "ಇನಿಶಿಯಲ್ ಸೇರಿಸಿ ಹೇಳಮ್ಮ." ಒಂದು ಸಲ ಒಬ್ಬ ಹುಡುಗಿ ಬಂದು ಜಗಳಕ್ಕೇ ನಿಂತಳು. "ಅಕ್ಕ, ಎರಡು ತಿಂಗಳ ಹಿಂದೆ ಕೊಟ್ಟಿದ್ದೀನಿ, ರಸೀದಿ ಕೊಟ್ಟಿಲ್ಲ." ಅಕ್ಕ ಕೋಪ ಮಾಡಿಕೊಳ್ಳಲಿಲ್ಲ. ಹಳೇ ಪುಸ್ತಕ ತೆಗೆದು ಹಾಳೆ ಹಾಳೆ ತಿರುವಿ ಹುಡುಕಿದರು. ಸಿಕ್ಕಿತು. ಹುಡುಗಿ ರಸೀದಿಯನ್ನು ಮಡಚಿ ಮೊಬೈಲ್ ಕವರ್ ಒಳಗೆ ಇಟ್ಟುಕೊಂಡಳು.

ಆ ಸಂಘಕ್ಕೂ ಆಗೀಗ ಹೊರಗಿನ ತರಬೇತಿ ಬಂದಿದೆ. ಮುಗಿದು ಹೋಗಿದೆ. ಸಂಘ ಹೋಗಿಲ್ಲ. ಹಳೆಯ ಕಾರ್ಮಿಕ ಸಂಘಗಳ ಕಾಯ್ದೆಯಲ್ಲಿ ಚಂದಾ ಮಿತಿ ತೀರಾ ಕಡಿಮೆ ಇತ್ತು: 2001ರ ತಿದ್ದುಪಡಿಯ ಪ್ರಕಾರ ಗ್ರಾಮೀಣ ಕಾರ್ಮಿಕರಿಗೆ ವರ್ಷಕ್ಕೆ ಕನಿಷ್ಠ 1 ರೂಪಾಯಿ, ಅಸಂಘಟಿತರಿಗೆ 3, ಉಳಿದವರಿಗೆ 12. ಮೊತ್ತ ಎಷ್ಟು ಸಣ್ಣದಾದರೂ ಕೊಟ್ಟವಳು ಲೆಕ್ಕ ಕೇಳುತ್ತಾಳೆ. ಹೊರಗಿನವರ ದುಡ್ಡಿಗೆ ಆಡಿಟರ್ ಲೆಕ್ಕ ಕೇಳುತ್ತಾನೆ. ಹುಡುಗಿ ಕೇಳಿದ ಹಾಗೆ ಅವನು ಕೇಳಲಾರ.

ಮೇಲಿನ ಮಟ್ಟದಲ್ಲೂ ದುಡ್ಡಿನ ತಕರಾರು ಆಗಿದೆಯಂತೆ?

ಹೌದು. ಯೂನಿಯನ್‌ಗಳ ಅಂತಾರಾಷ್ಟ್ರೀಯ ಒಕ್ಕೂಟ ಐಟಿಯುಸಿ 2006ರಲ್ಲಿ ಹುಟ್ಟಿದ್ದು, ನಮ್ಮ ದೇಶದ ದುಡಿಯುವ ಹೆಂಗಸರ ಸಂಘ "ಸೇವಾ" ಕೂಡ ಅದರ ಸದಸ್ಯ. 2022ರ ಕೊನೆಯಲ್ಲಿ ಅದರ ಆಗಿನ ಪ್ರಧಾನ ಕಾರ್ಯದರ್ಶಿ ಒಂದು ಎನ್‌ಜಿಒದಿಂದ ನಗದು ದೇಣಿಗೆ ತಗೊಂಡದ್ದು ಹೊರಬಂತು. 2023ರ ಮಾರ್ಚ್‌ನಲ್ಲಿ ಒಕ್ಕೂಟ ಅವರನ್ನು ಹುದ್ದೆಯಿಂದ ತೆಗೆಯಿತು. ತೆಗೆದದ್ದು ಸರಿ. ಆದರೆ ಎಷ್ಟೋ ಸಣ್ಣ ಸಂಘಗಳು ತಿಂಗಳುಗಟ್ಟಲೆ ತಲೆ ತಗ್ಗಿಸಬೇಕಾಯಿತು.

ಈಗ ನೆರವು ನಿಲ್ಲುತ್ತಿದೆ ಅಂತ ಸುದ್ದಿ. ಏನಾಗಿದೆ?

ನಿಜ. 2024ರ ಮಾರ್ಚ್‌ನಲ್ಲಿ ಸ್ವೀಡನ್ನಿನ ನೆರವು ಸಂಸ್ಥೆ ಸೀಡಾ ತನ್ನ ಪಾಲುದಾರ ಸಂಘಟನೆಗಳ ಜೊತೆಗಿನ ದೀರ್ಘ ಒಪ್ಪಂದಗಳನ್ನು ಮುಗಿಸುವುದಾಗಿ ಹೇಳಿತು. 2025ರ ಮಾರ್ಚ್‌ನಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಬಾಲಕಾರ್ಮಿಕ ಪದ್ಧತಿ, ಜೀತದ ವಿರುದ್ಧದ ತನ್ನ ಅಂತಾರಾಷ್ಟ್ರೀಯ ಯೋಜನೆಗಳ ಹಣ ನಿಲ್ಲಿಸಿತು. ಆ ವರ್ಷದ ಜುಲೈಗೆ ಅಮೆರಿಕದ ವಿದೇಶಿ ನೆರವು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯೇ ಇಲ್ಲವಾಯಿತು. ಸಾಲಿಡಾರಿಟಿ ಸೆಂಟರ್‌ಗೆ ದೊಡ್ಡ ಹೊಡೆತ ಬಿತ್ತು. ಸರ್ಕಾರದ ಹಣದ ಮೇಲೆ ನಿಂತದ್ದು ಸರ್ಕಾರ ಬದಲಾದರೆ ಅಲುಗಾಡುತ್ತದೆ. ಕೆನಡಾದ ಆ ಒಂದು ಸೆಂಟ್‌ಗೆ ಈ ಭಯ ಕಡಿಮೆ.

ನಮ್ಮ ಸಂಘಕ್ಕೆ ಪ್ರಾಜೆಕ್ಟ್ ಬಂದಿದೆ. ಒಪ್ಪಿಕೊಳ್ಳೋಣವಾ?

ಒಪ್ಪಬಹುದು. ಆದರೆ ಮೊದಲು ಎಲ್ಲ ಸದಸ್ಯರ ಸಭೆಯಲ್ಲಿ ಇಡಿ. ಇಬ್ಬರು ಪದಾಧಿಕಾರಿಗಳು ಒಳಗೇ ಒಪ್ಪಿಕೊಂಡು ಬರುವುದು ಬೇಡ. ದುಡ್ಡು ಮೂಲದಲ್ಲಿ ಯಾರದು, ಎಷ್ಟು ವರ್ಷ, ಕೆಲಸ ಏನೆಂದು ತೀರ್ಮಾನಿಸುವವರು ಯಾರು ಅಂತ ಕೇಳಿ. ಬಾಡಿಗೆ ಮತ್ತು ಕಾಯಂ ಕೆಲಸಗಾರರ ಸಂಬಳವನ್ನು ಆದಷ್ಟು ಚಂದಾದಿಂದಲೇ ಕೊಡಿ. ಹೊರಗಿನ ಹಣ ತರಬೇತಿಗೆ, ಕೇಸಿಗೆ ಇರಲಿ. ಎಫ್‌ಸಿಆರ್‌ಎ ವಿಷಯದಲ್ಲಿ ತಿಳಿದ ಆಡಿಟರ್ ಹತ್ತಿರ ಮೊದಲೇ ಹೋಗಿ, ನೋಟಿಸ್ ಬಂದ ಮೇಲಲ್ಲ. ಲೆಕ್ಕವನ್ನು ಕನ್ನಡದಲ್ಲಿ ಬರೆದು ರೂಮಿನ ಗೋಡೆಗೆ ಅಂಟಿಸಿ.

ಇನ್ನೊಂದು: 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1926ರ ಹಳೆಯ ಕಾರ್ಮಿಕ ಸಂಘಗಳ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. ನಿಮ್ಮ ನೋಂದಣಿ, ಬೈಲಾ ಎಲ್ಲವನ್ನೂ ಒಮ್ಮೆ ವಕೀಲರಿಗೆ ತೋರಿಸಿ.

ನಾನು ಹೊರದೇಶದಲ್ಲಿರುವ ಕನ್ನಡಿಗ. ಏನು ಮಾಡಬಹುದು?

ಭಾರತದ ಪಾಸ್‌ಪೋರ್ಟ್ ಇನ್ನೂ ನಿಮ್ಮ ಬಳಿ ಇದ್ದರೆ, ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ಎಫ್‌ಸಿಆರ್‌ಎ ಪ್ರಕಾರ ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ತಗೊಂಡಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಕೊಡುವ ಮೊದಲು ಸಂಘಕ್ಕೆ ಇದನ್ನು ತಿಳಿಸಿ, ಇಲ್ಲದಿದ್ದರೆ ತೊಂದರೆ ಅವರಿಗೆ.

ನೀವು ಅಲ್ಲಿನ ಯೂನಿಯನ್ ಸದಸ್ಯರಾಗಿದ್ದರೆ ಇದಕ್ಕಿಂತ ದೊಡ್ಡ ಕೆಲಸ ಒಂದಿದೆ. ಮುಂದಿನ ವೇತನ ಮಾತುಕತೆಗೆ ಬೇಡಿಕೆ ಪಟ್ಟಿ ಮಾಡುವ ದಿನ ಸಭೆಗೆ ಹೋಗಿ. ಗಂಟೆಗೊಂದು ಸೆಂಟಿನ ಮಾತನ್ನು ಎತ್ತಿ.